ಸಬ್‌ಮೆರಿನ್ ಮುಂಡಪ್ಪ

ಮುರಾರಿ ಲ್ಯಾಪ್‌ಟಾಪನ್ನು ಅಕ್ಕಿ ಡ್ರಮ್ಮಿನೊಳಗೆ ತುರುಕಿ, ಮೇಲಿಂದ ಬೊಗಸೆಯಲ್ಲಿ ಅಕ್ಕಿ ಎಳೆದು ಮುಚ್ಚುತ್ತಿದ್ದಾಗ ಅವನ ತಂಗಿ ಜಯಲತಾ ಖಾಲಿ ಚೊಂಬು ಹಿಡಿದು ಅಡುಗೆಮನೆಗೆ ಬಂದಳು. ಹೊರಗೆ ಹಾಲ್‌ನಲ್ಲಿ ಅವಳ ಗಂಡ ಮುಂಡಪ್ಪನಿಗೆ ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಚಾಪೆಯ ಮೇಲೆ ಮಲಗಿಸಿದ್ದರು. ಅಣ್ಣನ ಮೊಣಕೈವರೆಗೂ ಅಕ್ಕಿಯ ಪುಡಿ ಮೆತ್ತಿತ್ತು.

“ಎಂತ ಅಣ್ಣ ಇದು?”

“ಮೆಲ್ಲ ಮಾತಾಡು. ಇವತ್ತು ಈ ಮನೆಯಲ್ಲಿ ಒಲೆ ಹಚ್ಲಿಕ್ಕಿಲ್ಲ. ಅಕ್ಕಿ ಡ್ರಮ್ಮಿಗೆ ಯಾರೂ ಕೈ ಹಾಕುದಿಲ್ಲ. ಇದಕ್ಕಿಂತ ಸೇಫ್ ಜಾಗ ಡೊಂಬಿವಲಿಯಲ್ಲೇ ಇಲ್ಲ.”

ಥಾಣೆಯಲ್ಲಿ ಹೋಟೆಲು ನಡೆಸಿ ತಲೆ ಹಣ್ಣಾದವನು ಮುರಾರಿ. ಯಾವ ಸಾಮಾನು ಎಲ್ಲಿಟ್ಟರೆ ಇನ್ಸ್‌ಪೆಕ್ಟರನ ಕಣ್ಣಿಗೆ ಬೀಳುವುದಿಲ್ಲ ಎನ್ನುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಒಲೆ ಹಚ್ಚದ ದಿನವೂ ಸಾವಿನ ಮನೆಯಲ್ಲಿ ಒಂದು ಹಿಡಿ ಅಕ್ಕಿ ಬೇಕೇ ಬೇಕಾಗುತ್ತದೆ ಎನ್ನುವುದು ಆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲಿಲ್ಲ.

“ಬೆಳಿಗ್ಗೆ ಭಾವನ ಫೋನಿಗೆ ಒಬ್ಬ ಫೋನ್ ಮಾಡಿದ,” ಎಂದ ಮುರಾರಿ, ಬಾಗಿಲ ಕಡೆ ನೋಡುತ್ತ. “ಹೆಸರು ಎಂತ ಬಂತು ಗೊತ್ತುಂಟಾ? ಸಬ್‌ಮೆರಿನ್ ಸಿದ್ಧು. ಎತ್ತಿದ ಕೂಡಲೇ, ಸರ್ ಇವತ್ತು ಕೊನೆಯದು, ನೆನಪುಂಟಲ್ಲ ಅಂತ ಕೇಳಿದ. ಎಂತ ಕೊನೆಯದು? ಭಾವ ತೀರಿಹೋದ್ರು ಅಂದೆ. ಆಮೇಲೆ ಹೇಳ್ತಾನೆ, ಅವರ ಲ್ಯಾಪ್‌ಟಾಪ್ ಯಾರೂ ಮುಟ್ಬೇಡಿ, ನಾನೇ ಬಂದು ತಗೊಂಡು ಹೋಗ್ತೇನೆ ಅಂತ. ಮನುಷ್ಯ ಸತ್ತ ಅಂದ್ರೆ ಅಯ್ಯೋ ಅನ್ನುದು ಬಿಟ್ಟು ಲ್ಯಾಪ್‌ಟಾಪ್ ಕೇಳ್ತಾನೆ. ನಿನಗೆ ಎಂತ ಅನಿಸ್ತದೆ?”

ಜಯಲತಾಳಿಗೆ ಅನಿಸುವುದು ಬಹಳ ಇತ್ತು. ಅವಳು ನಲ್ಲಿ ತಿರುಗಿಸಿ ಚೊಂಬು ತುಂಬಿಸಿದಳು.

“ಆ ಲ್ಯಾಪ್‌ಟಾಪ್ ಎಲ್ಲಿಂದ ಬಂತು? ಫ್ರೆಂಡ್ ಕೊಟ್ಟದ್ದು ಅಂತ ಹೇಳಿದ್ರು. ಅಷ್ಟು ಬೆಲೆಯದ್ದು ಯಾವ ಫ್ರೆಂಡ್ ಕೊಡ್ತಾನೆ ಮಾರಾಯ್ತಿ? ಸಬ್‌ಮೆರಿನ್ ಕಟ್ಟುವ ಡಾಕಿನಲ್ಲಿ ಸರ್ವಿಸ್ ಮಾಡಿದಷ್ಟು ವರ್ಷ ಬಾಯಿ ಬಿಡ್ಲಿಲ್ಲ. ಏನು ಕೇಳಿದ್ರೂ, ಹೇಳ್ಲಿಕ್ಕಿಲ್ಲ, ಸಹಿ ಹಾಕಿದ್ದೇನೆ. ರಿಟೈರ್ ಆದ ಮೇಲೆ ಒಮ್ಮೆಲೇ ಬಾಯಿ ಬಂತು. ಹೋದ ಗಣಪತಿಗೆ ಪೆಂಡಾಲಿನಲ್ಲಿ ನಿಂತು ಭಾಷಣ ಮಾಡಿದ್ರಲ್ಲ, ಮರೆತ್ಯಾ?”

ಮರೆತಿರಲಿಲ್ಲ. ಸೊಸೈಟಿಯ ಗಣಪತಿಯ ಮುಂದೆ, ಕೈಯಲ್ಲಿ ಪ್ರಸಾದದ ದೊನ್ನೆ ಹಿಡಿದು, ಮುಂಡಪ್ಪ ನೆರೆಯವರಿಗೆ ಸಬ್‌ಮೆರಿನ್ ಪಾಠ ಮಾಡಿದ್ದ. ಸಮುದ್ರದ ಮೇಲ್ಪದರ ಬಿಸಿ, ಕೆಳಪದರ ತಣ್ಣಗೆ, ಎರಡೂ ಕೂಡುವ ಗೆರೆಯ ಕೆಳಗೆ ಜಾರಿಕೊಂಡರೆ ಮೇಲಿನ ಹಡಗಿಗೆ ನಮ್ಮ ಸುಳಿವು ಸಿಗುವುದಿಲ್ಲ ಎಂದಿದ್ದ. ಮೈತುಂಬ ರಬ್ಬರ್ ಹೆಂಚು ಹೊದಿಸಿರುತ್ತಾರೆ, ಶತ್ರು ಬಿಟ್ಟ ಶಬ್ದ ಅದರಲ್ಲೇ ಇಂಗಿಹೋಗುತ್ತದೆ ಎಂದಿದ್ದ. ಈಗಿನ ಹೊಸ ಎಂಜಿನ್ನು ಇದ್ದರೆ ವಾರಗಟ್ಟಲೆ ಗಾಳಿಗಾಗಿ ಮೇಲೆ ಬರಬೇಕಾಗಿಲ್ಲ ಎಂದೂ ಹೇಳಿದ್ದ. ಒಂದನೇ ಮಾಳಿಗೆಯಲ್ಲಿದ್ದ ರಿಟೈರ್ಡ್ ನೇವಿಯವರು ಕಣ್ಣು ಕಿರಿದು ಮಾಡಿ, “ಯೇ ಸಬ್ ಆಪ್‌ಕೋ ಕಿಸ್‌ನೇ ಬತಾಯಾ?” ಇದೆಲ್ಲ ನಿಮಗೆ ಹೇಳಿದವರು ಯಾರು ಎಂದು ಕೇಳಿದ್ದರು. ಮುಂಡಪ್ಪ ಉತ್ತರ ಕೊಡದೆ ಆರತಿ ತಟ್ಟೆಯ ಕಡೆ ಹೊರಟುಹೋಗಿದ್ದ. ಆ ದಿನದಿಂದ ಬಿಲ್ಡಿಂಗಿನಲ್ಲಿ ಅವನ ಹೆಸರು ಸಬ್‌ಮೆರಿನ್ ಮುಂಡಪ್ಪ.

“ಡಾಕಿನವರು ಒಬ್ಬರಾದ್ರೂ ಬಂದಿದ್ದಾರಾ ನೋಡು. ಅಷ್ಟು ವರ್ಷ ದುಡಿದವ. ಫೋನ್ ಮಾಡಿದ್ಯಾ?”

“ಮಾಡಿದೆ. ಎತ್ಲಿಲ್ಲ,” ಎಂದಳು ಜಯಲತಾ.

ಅವಳು ಫೋನು ಮಾಡಿರಲೇ ಇಲ್ಲ. ಬೆಳಗಿನಿಂದ ಅವಳು ಬೇಕೆಂದೇ ಬಿಟ್ಟ ಕೆಲಸ ಅದೊಂದೇ.

“ನೋಡಿದ್ಯಾ? ಎತ್ತುದಿಲ್ಲ. ಅವರಿಗೂ ಗೊತ್ತಾಗಿರ್ಬೇಕು. ಗುಟ್ಟು ಯಾರಿಗೋ ಮಾರಿದ್ದಾನೆ ಅಂತ.”

“ಮಾಮಾ, ಕಿಸ್‌ನೇ ಕ್ಯಾ ಬೇಚಾ?”

ಯಾರು ಏನು ಮಾರಿದ್ದು ಎಂದು ಕೇಳುತ್ತ ಬಾಗಿಲಲ್ಲಿ ಮಗಳು ನಿಶ್ಮಿತಾ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಮುರಾರಿ ಗಂಟಲು ಸರಿಮಾಡಿಕೊಂಡು ಹೊರಗೆ ನಡೆದ. ನಿಶ್ಮಿತಾ ಅಮ್ಮನನ್ನೇ ನೋಡಿದಳು. ಅಮ್ಮ ಚೊಂಬಿನ ಕಡೆ ತಿರುಗಿದಾಗ ಹಾಲ್‌ಗೆ ಹಿಂತಿರುಗಿ ಅಪ್ಪನ ತಲೆಯ ಹತ್ತಿರ ಕುಳಿತಳು. ಬೆಳಗಿನಿಂದ ಅವನ ಕೂದಲು ಸವರುತ್ತಲೇ ಇದ್ದವಳು ಈಗ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಗಂಡ ಯಾವ ಗುಟ್ಟನ್ನೂ ಮಾರಿಲ್ಲ ಎಂದು ರುಜುವಾತು ಮಾಡಲು ಜಯಲತಾಳಿಗೆ ಒಂದೇ ಮಾತು ಸಾಕಿತ್ತು. ಆ ಮಾತು ಬಾಯಿಂದ ಬಿದ್ದರೆ ಮಗಳ ಅನುಮಾನ ಹೋಗುತ್ತದೆ. ಅದರ ಜೊತೆಗೆ ಮಗಳ ಅಪ್ಪನೂ ಹೋಗುತ್ತಾನೆ.

*

ಹೆಣ್ಣು ನೋಡಲು ಬಂದ ದಿನವೇ ಮುರಾರಿ ಭಾವನಾಗುವವನಿಗೆ ಗಲ್ಲಾಪೆಟ್ಟಿಗೆಯ ಕುರ್ಚಿ ತೋರಿಸಿದ್ದ. “ನಮ್ಮದೇ ಹೋಟೆಲು. ಹೊರಗಿನವರನ್ನು ನಂಬ್ಲಿಕ್ಕಾಗುದಿಲ್ಲ. ನೀವು ಕೂತ್ಕೊಳ್ಳಿ.”

ಮುಂಡಪ್ಪ ಲೋಟ ಕೆಳಗಿಟ್ಟು, “ಹೋಟೆಲ್ ಲೈನ್ ಬೇಡ,” ಎಂದಿದ್ದ. “ನನಗೆ ಡಾಕಿನಲ್ಲಿ ಆಗಿದೆ. ಸಬ್‌ಮೆರಿನ್ ಕಟ್ಟುವಲ್ಲಿ.”

ಮೀಸೆ ಮೂಡುವ ಮೊದಲೇ ಊರು ಬಿಟ್ಟು ಬಂದು ಕಲ್ಯಾಣದ ಒಂದು ಹೋಟೆಲಿನಲ್ಲಿ ಎಂಜಲು ತಟ್ಟೆ ತೊಳೆದವನು ಅವನು. ರಾತ್ರಿ ಶಾಲೆಯಲ್ಲಿ ಓದಿದ. ಊರಿಗೆ ಹೋದಾಗಲೆಲ್ಲ ‘ಹೋಟೆಲಿನವ ಬಂದ’ ಎನ್ನುವ ಮಾತು ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಸಬ್‌ಮೆರಿನ್ ಎಂದಾಗ ಅಲ್ಲಿದ್ದ ಹೋಟೆಲಿನವರೆಲ್ಲ ಒಮ್ಮೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಜಯಲತಾಳಿಗೂ ಹೆಮ್ಮೆಯಾಯಿತು.

ಮದುವೆಯಾಗಿ ಕೆಲವು ತಿಂಗಳಿಗೆ ಅವಳಿಗೆ ಸತ್ಯ ತಿಳಿಯಿತು. ಹೇಳಿದವರು ಯಾರೂ ಇಲ್ಲ. ಅವಳ ಮೂಗೇ ಹೇಳಿತು.

ಹೋಟೆಲಿನ ಅಡುಗೆಮನೆಯ ಮೇಲಿನ ಕೋಣೆಯಲ್ಲಿ ಬೆಳೆದವಳು ಅವಳು. ಮನೆ ಸಾರಿನ ಒಗ್ಗರಣೆ ಬಟ್ಟೆಗೆ ಅಂಟುತ್ತದೆ, ಒಗೆದರೆ ಹೋಗುತ್ತದೆ. ಹಂಡೆ ಸಾಂಬಾರಿನ ಇಂಗು ಕೂದಲ ಬುಡಕ್ಕೆ ಇಳಿಯುತ್ತದೆ, ಯಾವ ಸೋಪಿಗೂ ಜಗ್ಗುವುದಿಲ್ಲ. ಕಬ್ಬಿಣ ಬೆಸೆಯುವವನ ತಲೆಯಲ್ಲಿ ಸುಟ್ಟ ವಾಸನೆ ಇರಬೇಕಿತ್ತು. ಇವನು ದಿನವೂ ಡಾಕಿನಲ್ಲೇ ಮಿಂದು, ಪೌಡರ್ ಹಾಕಿ, ಲೋಕಲ್ ರೈಲಿನಲ್ಲಿ ಜೋತುಬಿದ್ದು ಮನೆಗೆ ಬರುತ್ತಿದ್ದ. ರಾತ್ರಿ ಮಗ್ಗುಲಲ್ಲಿ ಮಲಗಿದರೆ ಸಾವಿರ ಜನರ ಸಾಂಬಾರು ಘಮ್ಮೆನ್ನುತ್ತಿತ್ತು. ಡಾಕಿನವರು ಅವನನ್ನು ಹೆಲ್ಪರ್ ಅಂತ ತೆಗೆದುಕೊಂಡು, ಉಡುಪಿ ಕಡೆಯವನು ಎಂದು ತಿಳಿದ ಕೂಡಲೇ ಸೀದಾ ಕ್ಯಾಂಟೀನಿಗೆ ಹಾಕಿದ್ದರು. ಹೋಟೆಲ್ ಲೈನು ಬೇಡ ಎಂದು ಓಡಿದವನನ್ನು ಹೋಟೆಲ್ ಲೈನೇ ಅಟ್ಟಿಸಿಕೊಂಡು ಹೋಗಿ ಹಿಡಿದಿತ್ತು.

ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಅವಳು ಕಾದಳು. ಅವನು ಹೇಳಲಿಲ್ಲ. “ಹೇಳ್ಲಿಕ್ಕಿಲ್ಲ, ಸಹಿ ಹಾಕಿದ್ದೇನೆ,” ಎನ್ನುವ ಮಾತು ಅವನಿಗೆ ದೇವರೇ ಕೊಟ್ಟ ಹಾಗೆ ಸಿಕ್ಕಿತ್ತು. ಹೊರಗಿನವರನ್ನು ಗೇಟಿನೊಳಗೆ ಬಿಡದ ಜಾಗ. ಸುಳ್ಳು ಹೇಳುವವನಿಗೆ ಇದಕ್ಕಿಂತ ಅನುಕೂಲ ಇನ್ನೆಲ್ಲಿ? ಜಯಲತಾ ಕೇಳುವುದನ್ನು ಬಿಟ್ಟಳು. ಅವನು ಹೇಳಿದ್ದನ್ನು ಇವಳು ನಂಬಿದ ಹಾಗೆ ಮಾಡಿದಳು. ಸಂಸಾರ ಚೆನ್ನಾಗಿಯೇ ನಡೆಯಿತು. ಮಗಳು ಹುಟ್ಟಿ, ಶಾಲೆಗೆ ಹೋಗಿ, ಡ್ರಾಯಿಂಗ್ ಪುಸ್ತಕದ ತುಂಬ ಸಬ್‌ಮೆರಿನ್ ಬರೆದಳು. ಪ್ರತಿಯೊಂದರ ಮೇಲೂ ಟೋಪಿ ಹಾಕಿದ ಪಪ್ಪ ನಿಂತಿರುತ್ತಿದ್ದ. ಅದಾದ ಮೇಲಂತೂ ಬಾಯಿ ಬಿಡುವ ಮಾತೇ ಇರಲಿಲ್ಲ.

*

ಸಬ್‌ಮೆರಿನ್ ಸಿದ್ಧು ಮಧ್ಯಾಹ್ನದ ಹೊತ್ತಿಗೆ ಬಂದ. ನಲವತ್ತರ ಆಸುಪಾಸಿನ, ಕನ್ನಡಕದ, ಬೆವರಿ ಮುದ್ದೆಯಾದ ಮನುಷ್ಯ. ಹೆಣದ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಬಹಳ ಹೊತ್ತು ನಿಂತ. ಆಮೇಲೆ ಗೋಡೆಗೆ ಒರಗಿದ. ಅವನ ಹೆಗಲಲ್ಲಿ ಒಂದು ಕಪ್ಪು ಚೀಲ ಇತ್ತು, ಒಳಗೆ ಏನೂ ಇಲ್ಲದೆ ಜೋತುಬಿದ್ದಿತ್ತು. ಹೆಣ ನೋಡಲು ಖಾಲಿ ಚೀಲ ತಂದವನನ್ನು ಮುರಾರಿ ಅದೇ ಮೊದಲು ನೋಡಿದ್ದು.

“ಯಾರು ನೀವು?”

“ನಮಸ್ಕಾರ್ರಿ. ನಾ ಸಿದ್ಧೇಶ್ವರ ಅಂತ. ಮೂಲ ವಿಜಯಪುರ, ಇರೂದು ಕಲ್ಯಾಣದಾಗ. ನವಿ ಮುಂಬಯಿ ಮಹಾಪೆದಾಗ ಕೆಲಸ ಮಾಡ್ತೀನಿ. ಮುಂಜಾನೆ ಫೋನ್ ಮಾಡಿದ್ನೆಲ್ರಿ.”

“ಎಂತ ಕೆಲಸ?”

“ಗೇಮ್ ಮಾಡೋ ಕಂಪನಿರಿ. ಕಂಪ್ಯೂಟರ್ ಗೇಮ್.”

“ಎಂತ ಗೇಮ್?”

ಸಿದ್ಧೇಶ್ವರ ಸುತ್ತ ಕುಳಿತವರನ್ನು ನೋಡಿದ. “ಸಬ್‌ಮೆರಿನ್ನಿಂದ್ರಿ. ಸಿಮ್ಯುಲೇಶನ್ ಅಂತಾರ. ನೀವ ಒಳಗ ಕುಂತು ನಡಸೂದು, ಅಡಗೂದು, ಹೊಡಿಯೂದು. ಖರೇ ಸಬ್‌ಮೆರಿನ್ ಇದ್ದಂಗ.”

ಖರೇ ಎನ್ನುವ ಮಾತು ಕೇಳಿ ಮುರಾರಿಯ ಹುಬ್ಬು ಹಣೆಗೇರಿತು. ಪಕ್ಕದ ಮನೆಯ ವೇದಾವತಿ ಅಳು ನಿಲ್ಲಿಸಿ ಕಿವಿ ಈ ಕಡೆ ಕೊಟ್ಟಳು. ಮಧ್ಯಾಹ್ನದ ಹೊತ್ತು ಗೋಡೆಯಾಚೆಯಿಂದ ಮುಂಡಪ್ಪ ಒಬ್ಬನೇ ಮಾತಾಡುವುದು ಕೇಳಿಸುತ್ತಿತ್ತು ಎಂದು ಅವಳು ಬೆಳಗಿನಿಂದ ಬಂದವರಿಗೆಲ್ಲ ಹೇಳಿಯಾಗಿತ್ತು.

“ನಮ್ಮ ಭಾವ ನಿಮಗೆ ಎಂತ ಹೇಳಿಕೊಡ್ತಿದ್ರು?”

ಸಿದ್ಧೇಶ್ವರ ತಲೆಯೆತ್ತಿದ. ಅವನ ಕಣ್ಣು ಮುರಾರಿಯನ್ನು ದಾಟಿ ಜಯಲತಾಳ ಮೇಲೆ ಬಂದು ನಿಂತಿತು.

“ಅದು ಈಗ ಹೇಳಾಕ ಬರಂಗಿಲ್ರಿ. ಸಹಿ ಹಾಕೀವಿ. ಅವ್ರೂ ಹಾಕ್ಯಾರ, ನಾನೂ ಹಾಕೀನಿ.”

ಹಾಲ್‌ನಲ್ಲಿ ಒಂದು ಗುಸುಗುಸು ಎದ್ದಿತು. ಮದುವೆಯಾದಂದಿನಿಂದ ಜಯಲತಾ ಕೇಳಿದ ಮಾತು ಬೇರೆಯವನ ಬಾಯಲ್ಲಿ, ಬೇರೆ ಸೀಮೆಯ ಕನ್ನಡದಲ್ಲಿ ಬಂದಿತ್ತು. ಈ ಮನುಷ್ಯ ತನ್ನನ್ನೇ ಯಾಕೆ ನೋಡಿದ? ಇವನಿಗೆ ಏನು ಗೊತ್ತು? ಗಂಡ ದೇಶಕ್ಕೆ ದ್ರೋಹ ಮಾಡಿಲ್ಲ ಎಂದು ಅವಳು ಬೆಂಕಿ ಮುಟ್ಟಿ ಹೇಳಿಯಾಳು. ಆದರೆ ಸಬ್‌ಮೆರಿನ್ ಕಟ್ಟಿದವನು ಎಂದು ಹೇಳಿಕೊಂಡು ಇವರನ್ನೂ ನಂಬಿಸಿ, ಕೆಲಸ ಗಿಟ್ಟಿಸಿದ್ದನೋ ಏನೋ. ಮನೆಯವರಿಗೆ ಹೇಳಿದ ಸುಳ್ಳು ಒಂದು ಬಗೆ. ಊರವರಿಗೆ ಅದನ್ನೇ ಮಾರಿದರೆ ಅದು ಮೋಸ. ಈ ಒಂದು ಅನುಮಾನ ಮಾತ್ರ ಅವಳದೇ, ಅಣ್ಣ ಹುಟ್ಟಿಸಿದ್ದಲ್ಲ.

*

ಗೇಮು ತಂದುಕೊಟ್ಟವಳು ನಿಶ್ಮಿತಾ. ಅಪ್ಪ ರಿಟೈರಾಗಿ ಮನೆಯಲ್ಲಿ ಕಿಟಕಿಯಿಂದ ಬಾಗಿಲಿಗೆ ಓಡಾಡುವುದನ್ನು ನೋಡಲಾರದೆ, ಹುಟ್ಟುಹಬ್ಬಕ್ಕೆ ತನ್ನ ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟಳು. “ಪಪ್ಪಾ, ಬನಾಯೀ ತೋ ಬಹುತ್. ಅಬ್ ಚಲಾಕೇ ದೇಖೋ.” ಕಟ್ಟಿದ್ದು ಸಾಕು, ಈಗ ನಡೆಸಿ ನೋಡು ಎಂದು.

ಮೊದಲ ದಿನ ಅವನು ಬಂದರು ದಾಟುವ ಮುಂಚೆಯೇ ಸಬ್‌ಮೆರಿನ್ನನ್ನು ನೆಲಕ್ಕೆ ಬಡಿದು ಮುಳುಗಿಸಿದ. ಮಗಳು ಬಿದ್ದು ಬಿದ್ದು ನಕ್ಕಳು. “ಆಪ್‌ನೇ ಹೀ ತೋ ಬನಾಯೀ ಹೈ ಪಪ್ಪಾ!” ಮುಂಡಪ್ಪನ ಮುಖ ಕಪ್ಪಿಟ್ಟಿತು. “ಕಟ್ಟುದು ಬೇರೆ, ನಡೆಸುದು ಬೇರೆ,” ಎಂದು ಎದ್ದುಹೋದ. ಮಗಳು ಆಫೀಸಿಗೆ ಹೋದ ಮೇಲೆ ಮತ್ತೆ ಬಂದು ಕುಳಿತ.

ಎಷ್ಟೋ ವರ್ಷ ಗೇಟಿನೊಳಗೆ ಇದ್ದೂ ದೂರದಿಂದ ಮಾತ್ರ ನೋಡಿದ್ದ ವಸ್ತುವಿನ ಒಳಗೆ ಅವನು ಆಗ ಹೊಕ್ಕ. ಪಟ್ಟು ಹಿಡಿದು ಕಲಿತ. ಜಯಲತಾ ಚಹಾ ಕೊಡಲು ಹೋದಾಗ ಒಮ್ಮೆ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. ಪರದೆಯಲ್ಲಿ ಹಸಿರು ಗೆರೆಗಳು ಇಳಿಯುತ್ತಿದ್ದವು.

“ನೋಡು ಲತಾ, ಇದರೊಳಗೆ ಇರುವವನಿಗೆ ಕಿಟಕಿ ಇಲ್ಲ. ಬರೇ ಕಿವಿ. ಹೊರಗೆ ಯಾರಿದ್ದಾರೆ, ಎಷ್ಟು ಹತ್ತಿರ ಇದ್ದಾರೆ, ನಾವಿರುದು ಅವರಿಗೆ ಗೊತ್ತುಂಟಾ ಇಲ್ವಾ, ಎಲ್ಲ ಕಿವಿಯಲ್ಲೇ ಅಂದಾಜು ಮಾಡ್ಬೇಕು. ಕೆಲವು ಸಲ ಅವರಿಗೆ ಗೊತ್ತಿದ್ದೂ ಸುಮ್ಮನಿರ್ತಾರೆ.”

ಅಷ್ಟು ಹೇಳಿ ಅವನು ಪರದೆ ಬಿಟ್ಟು ಅವಳ ಮುಖ ನೋಡಿದ.

“ನಿನಗೆ ಗೊತ್ತುಂಟಾ?”

“ಎಂತ?”

“ಎಂತ ಇಲ್ಲ. ಚಹಾ ಲಾಯಕ್ಕುಂಟು.”

ಆ ಮೇಲೆ ಅವನು ಬಾಗಿಲು ಹಾಕಿಕೊಂಡು ಮೈಕಿನಲ್ಲಿ ಮಾತಾಡತೊಡಗಿದ. ವಾರಕ್ಕೊಮ್ಮೆಯೋ ಎರಡು ಸಲವೋ ಇಸ್ತ್ರಿ ಶರ್ಟು ಹಾಕಿ ಎಲ್ಲಿಗೋ ಹೋಗತೊಡಗಿದ. ಕೇಳಿದರೆ, “ನವಿ ಮುಂಬಯಿ, ಒಬ್ಬ ಫ್ರೆಂಡು,” ಎಂದಷ್ಟೇ. ಹಿಂದಿರುಗಿದಾಗ ಅವಳು ಅವನ ತಲೆ ಮೂಸಿ ನೋಡಿದಳು. ಇಂಗಿನ ವಾಸನೆ ಹೋಗಿ ಬಹಳ ದಿನವಾಗಿತ್ತು, ಎ.ಸಿ. ಕೋಣೆಯ ಗಾಳಿ ಮಾತ್ರ ಇತ್ತು. ಒಂದು ಮಧ್ಯಾಹ್ನ ಬಾಗಿಲಾಚೆಯಿಂದ ಅವನ ಮಾತು ಕೇಳಿಸಿತು. “ಈಗ ಮನೆಯವರಿಗೆ ಗೊತ್ತಾಗ್ಬಾರ್ದು. ಹೊರಗೆ ಬಂದ ಮೇಲೆ ಗೊತ್ತಾಗ್ಲಿ.” ಜಯಲತಾ ಸದ್ದಿಲ್ಲದೆ ಹಿಂದೆ ಸರಿದಳು. ಹಳೆಯ ಸುಳ್ಳಿನ ತಳ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಈ ಹೊಸದರದ್ದು ಗೊತ್ತಾಗಲಿಲ್ಲ.

*

ಶವದ ಗಾಡಿ ಬಂದಿದೆ ಎಂದು ಕೆಳಗಿನಿಂದ ಯಾರೋ ಕೂಗಿದರು. “ಎಲ್ಲರೂ ಬಾಯಿಗೆ ನೀರು ಬಿಡಿ, ಹೊತ್ತಾಯ್ತು,” ಎಂದು ಮುರಾರಿ ಎದ್ದ. ತುಳಸಿ ನೀರಿನ ಚೊಂಬು ಬಂತು.

“ಅಕ್ಕಿ ಎಲ್ಲುಂಟು? ಬಾಯಿಗೆ ಅಕ್ಕಿ ಹಾಕದೆ ಕಳಿಸುದಾ?” ಎಂದು ವೇದಾವತಿ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನುಗ್ಗಿದಳು.

ಮುರಾರಿ ತಡೆಯಲು ಅವಳ ಹಿಂದೆ ಎರಡು ಹೆಜ್ಜೆ ಇಟ್ಟ. ಒಳಗೆ ಡ್ರಮ್ಮಿನ ಮುಚ್ಚಳ ತೆಗೆದದ್ದು ಕೇಳಿಸಿತು. ಆಮೇಲೆ, “ಅಯ್ಯೋ ದೇವರೇ, ಇದೆಂತ!”

ವೇದಾವತಿ ಲ್ಯಾಪ್‌ಟಾಪನ್ನು ಹೆರಿಗೆಯಾದ ಮಗುವನ್ನು ತರುವ ಹಾಗೆ ಎರಡೂ ಕೈಯಲ್ಲಿ ಎತ್ತಿ ತಂದಳು. ದಾರಿಯುದ್ದಕ್ಕೂ ಅದರ ಸಂದಿಯಿಂದ ಅಕ್ಕಿ ಉದುರಿತು. ಕೂತವರೆಲ್ಲ ಎದ್ದು ನಿಂತರು. ಮೇಜಿನ ಮೇಲೆ ಇದ್ದಿದ್ದರೆ ಅದೊಂದು ಲ್ಯಾಪ್‌ಟಾಪು ಅಷ್ಟೆ. ಅಕ್ಕಿಯಲ್ಲಿ ಹೂತಿಟ್ಟ ಮೇಲೆ ಅದು ಕಳವಿನ ಮಾಲಾಗಿ ಕಂಡಿತು, ಬಚ್ಚಿಟ್ಟವನು ಸತ್ತವನೇ ಎಂದು ಎಲ್ಲರೂ ನಂಬಿದರು. ಮುರಾರಿ ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

“ಇನ್ನು ಮುಚ್ಚಿಡುವ ಹಾಗಿಲ್ಲ,” ಎಂದ. “ಎಲ್ಲರ ಎದುರಿಗೇ ತೆರೆದು ನೋಡುವ. ನಾಳೆ ಪೊಲೀಸ್ ಬಂದ್ರೆ ನಮಗೂ ಸಾಕ್ಷಿ ಬೇಕು.”

“ಈಗ ಬ್ಯಾಡ್ರಿ,” ಎಂದು ಸಿದ್ಧೇಶ್ವರ ಮುಂದೆ ಬಂದ. “ಕಂಪನೀದು ಅದು. ಗೇಮ್ ಇನ್ನೂ ಹೊರಗ ಬಂದಿಲ್ಲ, ಅದಕ್ಕ ನಮ್ಮ ಸಾಹೇಬ್ರು ತಗೊಂಡ ಬಾ ಅಂದ್ರು. ಇವರನ್ನ ಮೊದಲ ಮಣ್ಣು ಮಾಡೂಣು… ಅಲ್ರಿ, ದಹನ ಮಾಡೂಣು. ಆಮ್ಯಾಲ ನಾನ ಬಂದು ಎಲ್ಲಾ ಹೇಳ್ತೀನಿ.”

“ಅಣ್ಣ, ಬೇಡ,” ಎಂದಳು ಜಯಲತಾ.

ನಿಶ್ಮಿತಾ ತಟ್ಟನೆ ಅಮ್ಮನ ಕಡೆ ತಿರುಗಿದಳು. “ನಿಂಗೆ ಗೊತ್ತುಂಟು ಅಲ್ವಾ ಮಮ್ಮಿ? ಕುಛ್ ತೋ ಹೈ.”

ಅವಳು ಕನ್ನಡದಲ್ಲಿ ಕೇಳಿದ್ದು ಅಪರೂಪ. ಮಗಳು ವೇದಾವತಿಯ ಕೈಯಿಂದ ಲ್ಯಾಪ್‌ಟಾಪು ಕಸಿದುಕೊಂಡು, ಅಪ್ಪನ ಪಕ್ಕದಲ್ಲೇ ನೆಲದಲ್ಲಿ ಕುಳಿತು ತೆರೆದಳು. ಪಾಸ್‌ವರ್ಡಿಗೆ ತನ್ನ ಹೆಸರು ಹೊಡೆದಳು. ಅದೇ ಆಗಿತ್ತು.

ಪರದೆಯಲ್ಲಿ ಬೂದು ಸಮುದ್ರ ಬಂತು. ನೀರಿನ ಮೇಲೆ ಕರಿಯ ಬೆನ್ನೊಂದು ತೇಲಿ, ಮೂಗು ತಗ್ಗಿಸಿ ಇಳಿಯಿತು. ಆಮೇಲೆ ಒಳಗಿನ ಇಕ್ಕಟ್ಟು ಓಣಿ, ಎರಡೂ ಬದಿ ಕೊಳವೆಗಳು, ಮಂಕು ಕೆಂಪು ದೀಪ. ನಿಶ್ಮಿತಾ ಬೆರಳಾಡಿಸಿದ ಹಾಗೆ ಓಣಿ ಮುಂದೆ ಮುಂದೆ ಸರಿಯಿತು. ಮುರಾರಿ ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿದ.

“ಇದೆಲ್ಲ ಒಳಗಿನದ್ದು. ಹೊರಗಿನವರಿಗೆ ಹೇಗೆ ಗೊತ್ತಾಗ್ತದೆ? ಹೇಳಿದವ ಯಾರು?”

“ಯಾರೂ ಹೇಳಿಲ್ಲರಿ,” ಎಂದ ಸಿದ್ಧೇಶ್ವರ. “ಪ್ಯಾಟ್ಯಾಗ ಸಿಗೋ ಪುಸ್ತಕದಾಗ ಇದ್ದದ್ದು ಅರ್ಧ. ಉಳಿದದ್ದು ನಮ್ಮ ಅಂದಾಜ. ಎಷ್ಟು ಆಳ ಹೋಗ್ತೈತಿ, ಎಷ್ಟು ಸದ್ದು ಮಾಡ್ತೈತಿ, ಖರೇ ನಂಬರ್ ನಮಗೇನ ಗೊತ್ತು? ಗೊತ್ತಿಲ್ಲಂತನ ಗೇಮ್ ಮಾಡಾಕ ಬಿಡ್ತಾರ.”

“ಪೆಂಡಾಲಿನಲ್ಲಿ ಭಾವ ಹೇಳಿದ್ದು?”

“ಗೇಮಿನಾಗ ಕಲ್ತದ್ದರಿ. ಆಡೂ ಮಂದಿಗೆಲ್ಲಾ ಗೊತ್ತಿರ್ತೈತಿ.”

ಮುರಾರಿ ದೇಶದ ಗುಟ್ಟು ಎಂದು ಅಕ್ಕಿಯಲ್ಲಿ ಹೂತದ್ದು ಮಹಾಪೆಯ ಹುಡುಗರ ಊಹೆಯನ್ನು. ಅವನು ನಂಬಲಿಲ್ಲ. “ಹಾಗಾದ್ರೆ ಈ ಮನುಷ್ಯ ನಿಮಗೆ ಯಾಕೆ ಬೇಕಿತ್ತು?”

ಅಷ್ಟರಲ್ಲಿ ಓಣಿಯ ಕೊನೆಯ ಬಾಗಿಲು ತೆರೆದುಕೊಂಡಿತು. ಒಂದು ಪುಟ್ಟ ಅಡುಗೆಮನೆ. ಬೆನ್ನು ಹಾಕಿ ನಿಂತಿದ್ದ ಒಬ್ಬ ದಪ್ಪ ಮನುಷ್ಯ ತಿರುಗಿದ. ಮುಖ ಯಾರದೋ. ಧ್ವನಿ ಮುಂಡಪ್ಪನದು.

“ಯಾರು? ಬನ್ನಿ. ಸದ್ದು ಮಾಡ್ಬೇಡಿ, ಮೇಲೆ ಶತ್ರು ಹಡಗು ಉಂಟಂತೆ. ತಟ್ಟೆ ಮೆಲ್ಲ ಇಡಿ.”

ವೇದಾವತಿ ಗೋಡೆ ಹಿಡಿದುಕೊಂಡಳು. ಯಾರೋ ರಾಮ ರಾಮ ಎಂದರು. ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದವನ ಪಕ್ಕದಿಂದ ಅವನ ಮಾತು ಮುಂದುವರಿಯಿತು.

“ಹೊಸಬರಾ? ನಾನು ಮುಂಡಪ್ಪ. ಇಲ್ಲಿ ಅಡುಗೆಯವ. ಮೊದಲಿನಿಂದಲೂ ಅಡುಗೆಯವನೇ. ಊಟ ಆಯ್ತಾ? ಆಗದಿದ್ರೆ ಕೂತ್ಕೊಳ್ಳಿ, ಅನ್ನ ಉಂಟು.”

ಮಾತು ಮುಗಿಸಿ ಪರದೆಯ ಮನುಷ್ಯ ಸೌಟು ಹಿಡಿದು ಉತ್ತರಕ್ಕೆ ಕಾದು ನಿಂತ. ನಿಶ್ಮಿತಾಳ ಬೆರಳು ಆಡಲಿಲ್ಲ.

ಸಿದ್ಧೇಶ್ವರ ಜಯಲತಾಳಿಗೆ ಮಾತ್ರ ಹೇಳುವವನಂತೆ ಮೆಲ್ಲಗೆ ಹೇಳಿದ. “ನಮ್ಮ ಗೇಮಿನಾಗ ಹಡಗಿನ ಮಂದಿ ಅವರವರ ಮಾತಿನಾಗ ಮಾತಾಡ್ತಾರ್ರಿ ಅಕ್ಕಾರ. ಆನ್‌ಲೈನಿನಾಗ ಬ್ಯಾರೆ ಗೇಮ್ ಆಡೂವಾಗ ಮೈಕಿನಾಗ ಇವರ ದನಿ ಕೇಳಿ ನಾನ ಹುಡುಕ್ಕೊಂಡ ಬಂದೆ, ಕ್ಯಾಪ್ಟನ್ ದನಿ ಕೊಡ್ರಿ ಅಂತ. ಮೊದಲನೇ ದಿನಾನ ಹೇಳಿದ್ರು, ನಾ ಕ್ಯಾಂಟೀನಿನಾಂವ, ಸಬ್‌ಮೆರಿನ್ ಒಳಗ ಕಾಲಿಟ್ಟಾಂವ ಅಲ್ಲ ಅಂತ. ನಮಗ ಅದರಿಂದ ಏನ್ರಿ, ದನಿ ಬೇಕಿತ್ತು. ಕ್ಯಾಪ್ಟನ್ ಮಾತು ಎಲ್ಲಾ ಹೇಳಿದ್ರು. ಭಾಳ ಚಲೋ ಬಂದಿತ್ತು. ಮರುದಿನ ಫೋನ್ ಮಾಡಿ, ಅದನ್ನ ಅಳಸ್ರಿ ಅಂದ್ರು. ನನ್ನ ಮಗಳು ಇದನ್ನ ಆಡ್ತಾಳ, ಕ್ಯಾಪ್ಟನ್ ದನಿ ಕೇಳಿದ್ರ ನಂಬ್ತಾಳ. ಅಡಿಗಿಯಾಂವನ ಮಾತು ಕೊಡ್ರಿ, ನನ್ನ ಹೆಸರ ಇಡ್ರಿ ಅಂದ್ರು. ದೀಪಾವಳಿಗೆ ಹೊರಗ ಬರೂದಿತ್ತು. ಇವತ್ತ ಕೊನೀ ರೆಕಾರ್ಡಿಂಗ್.”

“ಕ್ಯಾಂಟೀನಾ?” ಎಂದ ಮುರಾರಿ. ಅವನ ಮುಖದಲ್ಲಿ ಮೊದಲು ಸಮಾಧಾನ, ಆಮೇಲೆ ಅವಮಾನ, ಅದರ ಬೆನ್ನಿಗೇ ನಗು ಬಂತು. “ನಾನು ಗಲ್ಲಾ ಕೊಡ್ತೇನೆ ಅಂದೆ. ಬೇಡ ಅಂದ. ಅಲ್ಲಿ ಹೋಗಿ ಸಾಂಬಾರು ತಿರುಗಿಸಿದ್ನಾ ಇಷ್ಟು ವರ್ಷ!”

“ನೀವು ಗಲ್ಲಾದಲ್ಲಿ ಕೂತವರು ಅಣ್ಣ,” ಎಂದಳು ಜಯಲತಾ. ಹುಟ್ಟಿದಂದಿನಿಂದ ಅವಳು ಅಣ್ಣನಿಗೆ ಆ ಧ್ವನಿಯಲ್ಲಿ ಮಾತಾಡಿದ್ದಿಲ್ಲ. “ಅವರು ಹಂಡೆಯ ಎದುರು ನಿಂತವರು. ಹೆಣದ ಎದುರು ನಗ್ಬೇಡಿ. ನನಗೆ ಮದುವೆಯಾದ ವರ್ಷವೇ ಗೊತ್ತಿತ್ತು.”

ಮುರಾರಿಯ ನಗು ನಿಂತಿತು. ನಿಶ್ಮಿತಾ ಅಮ್ಮನನ್ನು ನೋಡಿದಳು.

“ಗೊತ್ತಿತ್ತಾ? ಔರ್ ಪಪ್ಪಾಗೆ? ನಿಂಗೆ ಗೊತ್ತುಂಟು ಅಂತ ಪಪ್ಪಾಗೆ ಗೊತ್ತಿತ್ತಾ?”

ಜಯಲತಾ ಗಂಡನ ಕಾಲ ಬುಡದಲ್ಲಿ ಕುಸಿದು ಕುಳಿತಳು. ನಿನಗೆ ಗೊತ್ತುಂಟಾ ಎಂದು ಅವನೇ ಕೇಳಿದ್ದ. ಹೌದು ಎನ್ನಬಹುದಿತ್ತು. ಅವನ ಮಾನ ಕಾಯುತ್ತೇನೆಂದು ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ಅವನು ಅದೇ ಬಾಗಿಲನ್ನು ಒಳಗಿನಿಂದ ತಟ್ಟುತ್ತಿದ್ದ. ಅವಳಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ತನ್ನ ಮೇಲೆ, ಅವನ ಮೇಲೆ, ಮನೆಯಲ್ಲಿ ಹೆಂಡತಿ ಇರುವಾಗ ಕಂಪ್ಯೂಟರಿಗೆ ಹೋಗಿ ನಿಜ ಹೇಳಿದ್ದರ ಮೇಲೆ. ಆಮೇಲೆ ಬೆಳಗಿನಿಂದ ಬಾರದ ಅಳು ಬಂತು, ಬಾಯಿ ಬಿಟ್ಟು ಅತ್ತಳು.

ಯಾರೂ ಹೇಳದೆ ನಿಶ್ಮಿತಾ ಎದ್ದು, ನೆಲದಲ್ಲಿ ಉದುರಿದ್ದ ಅಕ್ಕಿಯನ್ನೇ ಒಂದು ಹಿಡಿ ಬಳಿದುಕೊಂಡಳು. ಅಪ್ಪನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ತುಟಿ ಬಿಡಿಸಿ, ಮೊದಲ ಕಾಳು ಹಾಕಿದಳು. “ಖಾನಾ ಹೋ ಗಯಾ ಪಪ್ಪಾ,” ಎಂದಳು, ಊಟ ಆಯ್ತಾ ಎಂದು ಅವನು ಕೇಳಿದ್ದಕ್ಕೆ. “ಮೇರಾ ಹೋ ಗಯಾ.” ಜಯಲತಾ ತುಳಸಿ ನೀರು ಬಿಟ್ಟಳು. ಸರತಿಯಲ್ಲಿ ಎಲ್ಲರೂ ಬಂದು ಹೋದರು. ಸಿದ್ಧೇಶ್ವರನೂ ಹಾಕಿದ.

ಚಟ್ಟ ಎತ್ತಿದರು. ಮುಂದಿನ ಬಿದಿರು ಮುರಾರಿಯ ಹೆಗಲಿಗೆ ಬಂತು. ಮೂರು ಮಾಳಿಗೆ ಇಳಿಯಬೇಕು, ಲಿಫ್ಟಿಲ್ಲ. ಗೋವಿಂದ ಹೇಳಲು ಅವನು ಎದೆತುಂಬ ಉಸಿರೆಳೆದು ಬಾಯಿ ತೆರೆದ. ಹೋಟೆಲಿನ ಈ ತುದಿಯಿಂದ ಆ ತುದಿಗೆ ಆರ್ಡರು ಕೂಗಿ ಪಳಗಿದ ಗಂಟಲು.

ಪಪ್ಪ ಪರದೆಯಲ್ಲಿ ಹೇಳಿದ್ದನ್ನೇ ಹೇಳುವವಳಂತೆ ನಿಶ್ಮಿತಾ ತುಟಿಯ ಮೇಲೆ ಬೆರಳಿಟ್ಟಳು. “ಮಾಮಾ. ಆವಾಜ್ ನಹೀ.”

ಮುರಾರಿ ಅವಳನ್ನು ನೋಡಿದ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಹಿಂದಿದ್ದವರೂ ತುಟಿ ಬಿಗಿದರು. ಮೊದಲ ಮೆಟ್ಟಿಲು ಇಳಿಯುವಾಗ ಅವನ ಸೊಂಟದಲ್ಲಿ ಹೋಟೆಲಿನ ಕೀಲಿಗೊಂಚಲು ಝಣ್ ಎಂದಿತು. ಅವನು ಒಂದು ಕೈಯಲ್ಲಿ ಬಿದಿರು ಆನಿಸಿಕೊಂಡು, ಇನ್ನೊಂದು ಕೈಯಿಂದ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಬರಿಗಾಲನ್ನು ಮೆಲ್ಲ ಮೆಲ್ಲನೆ ಊರುತ್ತ ಇಳಿದ.